ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಬ್ಬರೇ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಿಂದ ಸೈಕಲ್ ಕಟ್ಟಿಕೊಂಡು ಫ್ರಾನ್ಸಿಗೆ ಹೊರಡಲು ಯೋಚಿಸುತ್ತಿರುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇವೆ. ಹೊಸಬರ ಪ್ರಶ್ನೆಗಳು ಮೊದಲಿಗಿವೆ, ಪಳಗಿದವರದು ಕೊನೆಗೆ.

## ಹೊರಡುವ ಮೊದಲು

ಭಾನುವಾರ 40 ಕಿ.ಮೀ. ಓಡಿಸೋದಷ್ಟೇ ನನಗೆ ಅಭ್ಯಾಸ. ಇದು ನನ್ನ ಕೈಲಾಗುತ್ತಾ?

ಆಗುತ್ತದೆ. ನದಿ, ಕಾಲುವೆಗಳ ಪಕ್ಕದ ದಾರಿಗಳು ಬಹುಮಟ್ಟಿಗೆ ಸಪಾಟು. ಸಾಮಾನು ಹೊತ್ತ ಸೈಕಲ್ ಗಂಟೆಗೆ 15 ಕಿ.ಮೀ. ಹೋದರೂ ನಾಲ್ಕೂವರೆ ಗಂಟೆಯಲ್ಲಿ 65 ಕಿ.ಮೀ. ಮುಗಿಯುತ್ತದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುವುದರಿಂದ ಅವಸರಪಡಬೇಕಾಗಿಲ್ಲ. ಅಭ್ಯಾಸ ಮಾಡುವಾಗ ಒಂದೇ ದಿನ 120 ಕಿ.ಮೀ. ಹೊಡೆಯುವುದಕ್ಕಿಂತ, ಪೂರ್ತಿ ಸಾಮಾನು ಕಟ್ಟಿಕೊಂಡು ಮೂರು ದಿನ ಸತತವಾಗಿ 60 ಕಿ.ಮೀ. ಓಡಿಸಿ ನೋಡಿ. ಸೀಟಿನ ಉಜ್ಜುಗಾಯ, ಅಂಗೈ ಜೋಮು, ಮಂಡಿಯ ನೋವು ಸಾಮಾನ್ಯವಾಗಿ ಮೂರನೇ ದಿನವೇ ತಲೆ ಎತ್ತುತ್ತವೆ. ಸೀಟಿನ ಎತ್ತರ, ಹ್ಯಾಂಡಲ್ ದೂರ ಸರಿಮಾಡಿಕೊಳ್ಳುವ ಕೆಲಸ ಮನೆಯಲ್ಲಿರುವಾಗಲೇ ಮುಗಿಯಬೇಕು.

ಯಾವ ತಿಂಗಳು ಒಳ್ಳೇದು?

ಮೇ ನಡುವಿನಿಂದ ಜೂನ್ ಕೊನೆಯವರೆಗೆ, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸ್ ರಜೆಯಲ್ಲಿರುತ್ತದೆ. ಕರಾವಳಿಯ ತಂಗುದಾಣಗಳು (ಟೆಂಟ್ ಹಾಕುವ ಕ್ಯಾಂಪಿಂಗ್ ಜಾಗಗಳು) ತುಂಬಿರುತ್ತವೆ, ದಕ್ಷಿಣದಲ್ಲಿ ಬಿಸಿಗಾಳಿ ಬೀಸುತ್ತದೆ. ಪ್ರೊವಾನ್ಸ್‌ನ ಲ್ಯಾವೆಂಡರ್ ನೋಡಲೇಬೇಕೆಂದರೆ ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ ಹೋಗಿ, ಬೆಳಗ್ಗೆ ಆರಕ್ಕೇ ಸೈಕಲ್ ಹತ್ತಿ. ಅಕ್ಟೋಬರ್ ಆದಮೇಲೆ ಸಣ್ಣ ಊರಿನ ತಂಗುದಾಣಗಳಲ್ಲಿ ಹೆಚ್ಚಿನವು ಮುಚ್ಚಿಬಿಡುತ್ತವೆ.

ಮೊದಲ ಸಲ ಹೋಗೋರಿಗೆ ಯಾವ ದಾರಿ ಹೇಳ್ತೀರಿ?

‘ಲಾ ಲ್ವಾರ್ ಆ ವೆಲೊ’. ನೆವೆರ್ ಊರಿನ ಹತ್ತಿರದ ಕುಫಿಯಿಂದ ಅಟ್ಲಾಂಟಿಕ್ ದಂಡೆಯ ಸ್ಯಾನ್ ಬ್ರೆವ್ಯಾನ್‌ವರೆಗೆ ಲ್ವಾರ್ ನದಿಯ ಜೊತೆ ಸಾಗುವ ಸುಮಾರು 900 ಕಿ.ಮೀ. ದಾರಿ ಇದು. ಓರ್ಲೆಆನ್, ಬ್ಲ್ವಾ, ಆಂಬ್ವಾಜ್, ಸೋಮ್ಯೂರ್, ನಾಂತ್ ಊರುಗಳನ್ನು ಹಾದುಹೋಗುತ್ತದೆ. ಏರು ಕಡಿಮೆ, ಫಲಕಗಳು ಸ್ಪಷ್ಟ, ರೈಲು ಹಳಿ ಬಹುಪಾಲು ನದಿಯ ಪಕ್ಕದಲ್ಲೇ ಇರುವುದರಿಂದ ಸುಸ್ತಾದರೆ ರೈಲು ಹತ್ತಬಹುದು. ಬಹಳ ಮಂದಿ ನದಿ ಹರಿಯುವ ಕಡೆಗೇ, ಅಂದರೆ ಪಶ್ಚಿಮಕ್ಕೆ ಹೋಗುತ್ತಾರೆ. ಆದರೆ ಅಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಬೀಸುತ್ತದೆ, ನದಿಯ ಇಳಿಜಾರಾದರೋ ಕಾಲಿಗೆ ಗೊತ್ತೇ ಆಗದಷ್ಟು ಅಲ್ಪ. ಹಾಗಾಗಿ ಸಮುದ್ರದ ತುದಿಯಿಂದ ಶುರುಮಾಡಿ ಪೂರ್ವಕ್ಕೆ ಬರುವುದು ಜಾಣತನ.

ಜಿನೀವಾ ಸರೋವರದಿಂದ ಮೆಡಿಟರೇನಿಯನ್‌ಗೆ ಇಳಿಯುವ 815 ಕಿ.ಮೀ. ‘ವಿಯಾರೋನಾ’ದಲ್ಲಿ ಲೆಕ್ಕ ಬೇರೆ. ರೋನ್ ಕಣಿವೆಯಲ್ಲಿ ಉತ್ತರದಿಂದ ಮಿಸ್ಟ್ರಾಲ್ ಎಂಬ ಬಿರುಗಾಳಿ ದಿನಗಟ್ಟಲೆ ಬೀಸುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಅದೇ ನಿಮ್ಮನ್ನು ತಳ್ಳುತ್ತದೆ, ಎದುರಿಗೆ ಹೋದರೆ ಸಪಾಟು ರಸ್ತೆಯಲ್ಲೂ ಗಂಟೆಗೆ 8 ಕಿ.ಮೀ. ದಾಟುವುದು ಕಷ್ಟ.

ಟುಲೂಸ್‌ನಿಂದ ಸೆತ್‌ವರೆಗಿನ 240 ಕಿ.ಮೀ. ಕನಾಲ್ ದ್ಯು ಮಿದಿ ಚೆಂದದ ದಾರಿ. ಪಿಯರ್ ಪಾಲ್ ರಿಕೆ 17ನೇ ಶತಮಾನದಲ್ಲಿ ತೋಡಿಸಿದ ಈ ಕಾಲುವೆ 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಟುಲೂಸ್‌ನಿಂದ ಮೊದಲ ಸುಮಾರು 50 ಕಿ.ಮೀ. ಡಾಂಬರು. ಆಮೇಲೆ ಕೆಲವೆಡೆ ಮಣ್ಣಿನ ದಾರಿ, ಪ್ಲೇನ್ ಮರಗಳ ಬೇರು ಉಬ್ಬಿರುವ ಜಾಗಗಳು ಸಿಗುತ್ತವೆ. ಅಲ್ಲಿಗೆ 28 ಮಿ.ಮೀ. ಟೈರು ಸಾಲದು, 38 ಮಿ.ಮೀ. ಇರಲಿ. ಶಿಲೀಂಧ್ರ ರೋಗ ತಗುಲಿ 2006ರಿಂದ ಆ ಸಾಲುಮರಗಳನ್ನು ಸಾವಿರಗಟ್ಟಲೆ ಕಡಿದಿದ್ದಾರೆ. ಹಳೆಯ ಫೋಟೊಗಳಲ್ಲಿ ಕಾಣುವ ನೆರಳು ಎಲ್ಲ ಕಡೆ ಸಿಗುವುದಿಲ್ಲ ಎಂದು ತಿಳಿದೇ ಹೊರಡಿ.

ಟೆಂಟಲ್ಲಿ ಮಲಗೋರು ವೀಸಾಕ್ಕೆ ವಸತಿ ದಾಖಲೆ ಅಂತ ಏನು ತೋರಿಸೋದು?

ತಂಗುದಾಣಗಳ ಬುಕಿಂಗ್ ಕೂಡ ವಸತಿ ದಾಖಲೆಯೇ. ರದ್ದು ಮಾಡಬಹುದಾದ ಜಾಗಗಳನ್ನು ಕಾದಿರಿಸಿ, ದಿನಾಂಕ, ಊರು, ಆ ದಿನದ ಕಿಲೋಮೀಟರ್ ಇರುವ ಒಂದು ಪುಟದ ಪ್ರವಾಸ ಪಟ್ಟಿ ಜೊತೆಗಿಡಿ. ಯಾರದಾದರೂ ಮನೆಯಲ್ಲಿ ಉಳಿಯುವುದಾದರೆ ಅವರು ತಮ್ಮ ಊರಿನ ಮೇಯರ್ ಕಚೇರಿಯಿಂದ ‘ಅತೆಸ್ತಾಸಿಯೋನ್ ದಾಕ್ಯೋಯ್’ ಎಂಬ ಪತ್ರ ಮಾಡಿಸಿ ಕಳಿಸಬೇಕು. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವಿಮೆ ಕನಿಷ್ಠ 30,000 ಯೂರೋಗಳದ್ದಾಗಿರಬೇಕು. ಪಾಲಿಸಿಯಲ್ಲಿ ಸೈಕಲ್ ಪ್ರವಾಸವನ್ನು ಹೊರಗಿಟ್ಟಿಲ್ಲವೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ಓದಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ಬೇಸಿಗೆಗೆ ಮುಂಚೆ ಸರದಿ ಉದ್ದವಿರುವುದರಿಂದ ಎರಡು ಮೂರು ತಿಂಗಳು ಕೈಯಲ್ಲಿರಲಿ.

ನಮ್ಮ ಸೈಕಲ್ಲೇ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ?

ಲ್ವಾರ್ ದಾರಿಯಲ್ಲಿ ಹತ್ತು ಹನ್ನೆರಡು ದಿನವಾದರೆ ಬಾಡಿಗೆ ಸೈಕಲ್ ಸಾಕು, ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಡುವ ವ್ಯವಸ್ಥೆಯೂ ಇದೆ. ಮೂರು ವಾರ ದಾಟಿದರೆ ನಿಮ್ಮದೇ ಒಯ್ಯಿರಿ. ದುಬಾರಿ ಸೈಕಲ್ಲಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಫ್ರೇಮ್ ಸಂಖ್ಯೆ ತೋರಿಸಿ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ವಾಪಸು ಬರುವಾಗ ವಿದೇಶದಲ್ಲಿ ಕೊಂಡದ್ದೆಂದು ಸುಂಕ ಕೇಳಬಹುದು. ಚೆಕ್-ಇನ್‌ನಲ್ಲಿ ಸೈಕಲ್ ಒಪ್ಪಿಸಿದ ಮೇಲೆ ಇದು ಆಗದ ಕೆಲಸ, ಅದಕ್ಕೆ ಮೊದಲೇ ಮುಗಿಸಿ.

ವಿಮಾನಕ್ಕೆ ಪ್ಯಾಕ್ ಮಾಡೋ ಕ್ರಮ ಬಿಡಿಸಿ ಹೇಳಿ.

ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬರುವ ರಟ್ಟಿನ ಡಬ್ಬ ಕೇಳಿ ತನ್ನಿ. ಸೀಟಿನ ಎತ್ತರವನ್ನು ಟೇಪ್ ಸುತ್ತಿ ಗುರುತು ಮಾಡಿಕೊಂಡು ಕೆಳಗಿಳಿಸಿ. ಪೆಡಲ್ ಬಿಚ್ಚುವಾಗ ಬಲಗಡೆಯದು ಎಂದಿನಂತೆ ಎಡಕ್ಕೆ ತಿರುಗಿದರೆ ಬಿಚ್ಚುತ್ತದೆ, ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ, ಅದನ್ನು ಬಲಕ್ಕೆ ತಿರುಗಿಸಬೇಕು. ಮುಂದಿನ ಚಕ್ರ ತೆಗೆದು ಫೋರ್ಕಿನ ತುದಿಗಳ ನಡುವೆ ಪ್ಲಾಸ್ಟಿಕ್ ಅಥವಾ ಮರದ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಮೇಲೆ ಭಾರ ಬಿದ್ದಾಗ ಫೋರ್ಕ್ ಒಳಕ್ಕೆ ಬಾಗುತ್ತದೆ. ಹ್ಯಾಂಡಲನ್ನು ಸ್ಟೆಮ್‌ನಿಂದ ಬಿಚ್ಚಿ ಮೇಲಿನ ಕೊಳವೆಗೆ ಕಟ್ಟಿ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್. 5 ಮಿ.ಮೀ. ಅಲೆನ್ ಕೀಲಿಯಿಂದ ಅದನ್ನು ಹ್ಯಾಂಗರ್‌ನಿಂದ (ಫ್ರೇಮಿಗೆ ಅದನ್ನು ಹಿಡಿದಿಡುವ ತುಂಡಿನಿಂದ) ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಭಾಗಕ್ಕೆ ಕಟ್ಟಿ. ಹಾಗೇ ಬಿಟ್ಟು ಡಬ್ಬ ಬಲಮಗ್ಗುಲಾಗಿ ಬಿದ್ದರೆ ಹ್ಯಾಂಗರ್ ಬಾಗುತ್ತದೆ. ಮೊದಲ ಏರಿನಲ್ಲಿ ಕಡೆಯ ಗೇರ್ ಹಾಕಿದ ಕ್ಷಣ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಮುರಿಯುತ್ತದೆ. ಹ್ಯಾಂಗರ್ ಒಂದೊಂದು ಮಾಡೆಲ್‌ಗೂ ಬೇರೆ, ಫ್ರಾನ್ಸಿನ ಹಳ್ಳಿಯಲ್ಲಿ ನಿಮ್ಮದಕ್ಕೆ ಹೊಂದುವುದು ಸಿಗುವ ಭರವಸೆಯಿಲ್ಲ. ಹೆಚ್ಚುವರಿ ಒಂದನ್ನು ಇಲ್ಲಿಂದಲೇ ಕೊಂಡೊಯ್ಯಿರಿ.

ಟೈರಿನ ಗಾಳಿ ಅರ್ಧ ಇಳಿಸಿದರೆ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲಿ, ಉಪಕರಣಗಳು ಡಬ್ಬದಲ್ಲಿ. ಒಲೆಯಲ್ಲಿ ಇಂಧನದ ವಾಸನೆಯೂ ಇರಬಾರದು. ಸೈಕಲ್ ತರುತ್ತಿರುವುದನ್ನು ವಿಮಾನ ಕಂಪನಿಗೆ ಟಿಕೆಟ್ ಮಾಡಿಸಿದ ಕೂಡಲೇ ತಿಳಿಸಿ, ಜಾಗ ಸೀಮಿತ.

## ದಾರಿಯಲ್ಲಿ

ಅಲ್ಲಿ ಬಲಗಡೆ ಓಡಿಸಬೇಕಲ್ಲ, ಬೇರೆ ಏನು ನಿಯಮ ಗೊತ್ತಿರಬೇಕು?

ಬಲಬದಿಗೆ ಮೂರು ದಿನದಲ್ಲಿ ಒಗ್ಗಿಕೊಳ್ಳುತ್ತೀರಿ. ಬೆಳಗ್ಗೆ ಖಾಲಿ ರಸ್ತೆಗೆ ಇಳಿಯುವಾಗಲೂ ಅಂಗಡಿಯಿಂದ ಹೊರಬಂದು ಹತ್ತುವಾಗಲೂ ಹಳೆ ಅಭ್ಯಾಸ ಎಡಕ್ಕೆ ಎಳೆಯುತ್ತದೆ, ಎಚ್ಚರ. ನಿಜವಾಗಿ ಅಪಾಯ ತರುವುದು ‘ಬಲಕ್ಕೆ ಮೊದಲು’ ಎಂಬ ನಿಯಮ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಓಣಿಯಿಂದ ಬರುವ ವಾಹನಕ್ಕೇ ದಾರಿಯ ಹಕ್ಕು. ನೀವು ದೊಡ್ಡ ಬೀದಿಯಲ್ಲಿದ್ದರೂ ಅಷ್ಟೇ, ಅವರು ನೋಡದೆ ನುಗ್ಗಬಹುದು. ವೃತ್ತಗಳಲ್ಲಿ ಒಳಗಿರುವವರಿಗೆ ಆದ್ಯತೆ.

ಕತ್ತಲಲ್ಲಿ ಅಥವಾ ಮಂಜಿನಲ್ಲಿ ಊರ ಹೊರಗೆ ಓಡಿಸುವಾಗ ಹೊಳೆಯುವ ಜಾಕೆಟ್ ಕಡ್ಡಾಯ, ದೀಪ ಮತ್ತು ಗಂಟೆ ಇರಲೇಬೇಕು. ಕಿವಿಗೆ ಇಯರ್‌ಫೋನ್ ಹಾಕಿದರೆ 135 ಯೂರೋ ದಂಡ. ಹೆಲ್ಮೆಟ್ ಕಾನೂನಿನ ಪ್ರಕಾರ 12 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ, ಆದರೂ ಹಾಕಿ. ಕಾರುಗಳು ಊರೊಳಗೆ ಒಂದು ಮೀಟರ್, ಹೊರಗೆ ಒಂದೂವರೆ ಮೀಟರ್ ದೂರ ಬಿಟ್ಟು ಹಿಂದಿಕ್ಕಬೇಕೆಂಬ ನಿಯಮವಿದೆ. ಹಳ್ಳಿಗಾಡಿನಲ್ಲಿ ಬಹುತೇಕರು ಪಾಲಿಸುತ್ತಾರೆ.

ನಕ್ಷೆಯಲ್ಲಿ ಯಾವ ರಸ್ತೆ ಹಿಡಿಯಬೇಕು?

‘ಎ’ ಎಂದರೆ ಆಟೊರೂಟ್, ಸೈಕಲ್ ನಿಷಿದ್ಧ. ‘ಎನ್’ ರಸ್ತೆಗಳಲ್ಲಿ ಲಾರಿ ಕಾಟ. ‘ಡಿ’ ಎಂದರೆ ಜಿಲ್ಲಾ ರಸ್ತೆ, ನಿಮ್ಮ ಪ್ರವಾಸ ನಡೆಯುವುದು ಇಲ್ಲೇ. ಅದರಲ್ಲೂ ಮಿಶೆಲಿನ್ ನಕ್ಷೆಯಲ್ಲಿ ಬಿಳಿ ಬಣ್ಣದಲ್ಲಿರುವ ಕಿರಿಯ ರಸ್ತೆಗಳನ್ನು ಹುಡುಕಿ. ಡಾಂಬರು ಚೆನ್ನಾಗಿರುತ್ತದೆ, ಎಷ್ಟೋ ಹೊತ್ತು ಒಂದು ಕಾರೂ ಎದುರಾಗುವುದಿಲ್ಲ. ನಕ್ಷೆಯಲ್ಲಿ ರಸ್ತೆಯ ಮೇಲೆ ಬರೆದ ಬಾಣದ ಗುರುತು ಕಡಿದಾದ ಏರಿನದು. ಬಾಣಗಳು ಹೆಚ್ಚಿದಷ್ಟೂ ಏರು ಹೆಚ್ಚು. ಹಸಿರು ಸೈಕಲ್ ಫಲಕಗಳನ್ನಷ್ಟೇ ನಂಬಿ ಇಡೀ ಪ್ರವಾಸ ಮಾಡಬೇಡಿ. ಅಧಿಕೃತ ಸೈಕಲ್ ದಾರಿಗಳು ಅನುಕೂಲ ನಿಜ, ಆದರೆ ಊರಿನೊಳಕ್ಕೆ ಹೋಗದೆ ಬಳಸಿಕೊಂಡು ಹೋಗುವುದೇ ಹೆಚ್ಚು. ಚರ್ಚಿನ ಚೌಕ, ಬ್ರೆಡ್ ಅಂಗಡಿ, ಸಂತೆ ಸಿಗುವುದು ಡಿ ರಸ್ತೆಯಲ್ಲಿ.

ನಾನು ಸಸ್ಯಾಹಾರಿ, ಮೊಟ್ಟೆನೂ ತಿನ್ನಲ್ಲ. ಹಳ್ಳಿಲಿ ಉಪವಾಸವಾ?

ಹೋಟೆಲಿನಲ್ಲಿ ಕಷ್ಟ, ಸ್ವಂತ ಒಲೆಯಿದ್ದರೆ ಏನೂ ಕಷ್ಟವಿಲ್ಲ. ಬರೀ ‘ಸಸ್ಯಾಹಾರಿ’ ಎಂದರೆ ಮೀನು ತಂದಿಡುವವರಿದ್ದಾರೆ. ‘ಸಾನ್ ವಿಯಾಂದ್, ಸಾನ್ ಪ್ವಾಸೋನ್, ಸಾನ್ ಎಫ್’ (ಮಾಂಸ, ಮೀನು, ಮೊಟ್ಟೆ ಬೇಡ) ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಸಲಾಡಿನಲ್ಲಿ ಸಣ್ಣ ಹಂದಿಮಾಂಸದ ತುಂಡು ಹಾಕುವ ಪದ್ಧತಿಯಿದೆ, ‘ಸಾನ್ ಲಾರ್ದೋನ್’ ಎಂದು ಸೇರಿಸಿ ಹೇಳಿ. ಕೋಂತೆ, ರೋಕ್‌ಫೋರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಎಳೆಯ ಪ್ರಾಣಿಗಳ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ, ಅದು ಬೇಡವೆನ್ನುವವರು ಮೊದಲೇ ತಿಳಿದಿರಲಿ.

ಬ್ರೆಡ್ ಬಗ್ಗೆ ಚಿಂತೆ ಬೇಡ. ‘ಬ್ಯಾಗೆಟ್ ಟ್ರಾಡಿಸಿಯೋನ್’ ಕೇಳಿ ಪಡೆಯಿರಿ. 1993ರ ಆದೇಶ ಅದನ್ನು ಗೋಧಿ ಹಿಟ್ಟು, ನೀರು, ಉಪ್ಪು, ಹುದುಗಿನ ಮೇಲೆ ಕಟ್ಟಿಹಾಕಿದೆ, ಅದರಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಸೂಪರ್ ಮಾರ್ಕೆಟ್‌ಗಳಲ್ಲಿ ‘ಲಾಂತಿ ಕೊರಾಯ್’ ಎಂಬ ಕೆಂಪು ಮಸೂರ ಬೇಳೆ ಸಿಗುತ್ತದೆ. ಕುಕ್ಕರ್ ಇಲ್ಲದೆಯೂ 12-15 ನಿಮಿಷದಲ್ಲಿ ಬೇಯುತ್ತದೆ. ಒಬ್ಬರಿಗೆ 80 ಗ್ರಾಂ ಬೇಳೆ, ಒಂದು ಟೊಮ್ಯಾಟೊ, ಮನೆಯಿಂದ ತಂದ ಸಾರಿನ ಪುಡಿ ಎರಡು ಚಮಚ. ಪಕ್ಕದಲ್ಲಿ 100 ಗ್ರಾಂ ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳು). ಕುಸ್ಕುಸ್‌ಗೆ ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ಸಾಕು, ಅಕ್ಕಿಗಿಂತ ಇಂಧನ ಉಳಿಯುತ್ತದೆ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪ, ಖೋವಾ ಮನೆಯಲ್ಲೇ ಬಿಟ್ಟುಬನ್ನಿ.

‘ಮಾಂಸ ತಿನ್ನದೆ ಅಷ್ಟು ದೂರ ತುಳಿಯೋಕಾಗುತ್ತಾ’ ಎಂದು ಕೇಳುವವರಿಗೆ: ಫ್ರಾನ್ಸಿನ ಸೈಕಲ್ ಪ್ರವಾಸಿಗರು ಗುರುವೆಂದು ನೆನೆಯುವ, ವೆಲೊಸಿಯೊ ಎಂಬ ಹೆಸರಲ್ಲಿ ಬರೆಯುತ್ತಿದ್ದ ಸ್ಯಾಂತ್ ಎತಿಯೆನ್‌ನ ಪೋಲ್ ದ ವಿವಿ (1853-1930) ಸ್ವತಃ ಸಸ್ಯಾಹಾರಿ.

ಅಂಗಡಿಗಳು ಯಾವಾಗಲೂ ಮುಚ್ಚಿರ್ತವೆ ಅಂತಾರೆ, ನಿಜವಾ?

ನಿಜ. ಒಬ್ಬರೇ ಹೋದವರ ದಿನ ಕೆಡುವುದು ಕಾಲು ನೋವಿಗಿಂತ ಹೆಚ್ಚಾಗಿ ಇದರಿಂದಲೇ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿ ಎರಡೂವರೆ ಮೂರಕ್ಕೆ ತೆರೆಯುತ್ತವೆ. ಹೋಟೆಲಿನ ಊಟ ಹನ್ನೆರಡರಿಂದ ಎರಡರೊಳಗೆ, ರಾತ್ರಿಯದು ಏಳರ ನಂತರ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಊರು ಮಲಗಿದಂತೆ. ಸೋಮವಾರ ಬ್ರೆಡ್ ಅಂಗಡಿಯೂ ಸೈಕಲ್ ರಿಪೇರಿ ಅಂಗಡಿಯೂ ರಜೆ ಮಾಡುವುದು ಸಾಮಾನ್ಯ. ಮೇ 1, ಮೇ 8, ಜುಲೈ 14, ಆಗಸ್ಟ್ 15 ರಾಷ್ಟ್ರೀಯ ರಜೆಗಳು.

ಆದ್ದರಿಂದ ದಿನದ ಯೋಜನೆಯನ್ನು ಕಿಲೋಮೀಟರಿನಿಂದ ಶುರುಮಾಡಬೇಡಿ. ಬೆಳಗ್ಗೆ ಹನ್ನೊಂದೂವರೆಗೆ ಯಾವ ಊರಲ್ಲಿರುತ್ತೀರಿ, ಅಲ್ಲಿ ಅಂಗಡಿ ಇದೆಯೇ ಎಂಬುದನ್ನು ಮೊದಲು ನೋಡಿ. ಶನಿವಾರ ಸಂಜೆಯೇ ಸೋಮವಾರ ಮಧ್ಯಾಹ್ನದವರೆಗಿನ ಊಟ ಚೀಲದಲ್ಲಿರಲಿ. ಒಂದು ಹೊತ್ತಿನ ಒಣ ಆಹಾರವನ್ನು ಮುಟ್ಟದೆ ಕಾಯ್ದಿರಿಸಿ.

ಕುಡಿಯೋ ನೀರು ಎಲ್ಲಿ ತುಂಬಿಸೋದು?

ಸ್ಮಶಾನದಲ್ಲಿ. ಪ್ರತಿ ಹಳ್ಳಿಯ ಅಂಚಿನಲ್ಲೂ ಒಂದಿರುತ್ತದೆ, ಸಮಾಧಿಗಳ ಹೂಗಿಡಗಳಿಗೆ ನೀರು ಹಾಕಲು ಗೇಟಿನ ಪಕ್ಕದಲ್ಲೇ ನಲ್ಲಿ ಇಟ್ಟಿರುತ್ತಾರೆ. ಅಲ್ಲಿನ ಸೈಕಲ್ ಸವಾರರೆಲ್ಲ ತುಂಬಿಸಿಕೊಳ್ಳುವುದು ಇಲ್ಲೇ. ‘ಓ ನೋನ್ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಒಳಗೆ ಸದ್ದು ಮಾಡದೆ, ಸೈಕಲ್ಲನ್ನು ಹೊರಗೇ ನಿಲ್ಲಿಸಿ ಹೋಗುವುದು ಮರ್ಯಾದೆ.

ರಾತ್ರಿ ಎಲ್ಲಿ ಮಲಗೋದು? ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಾ?

‘ಕಾಂಪಿಂಗ್ ಮ್ಯುನಿಸಿಪಾಲ್’ ಎಂಬ ಪಂಚಾಯಿತಿ ತಂಗುದಾಣಗಳು ಒಬ್ಬರೇ ಬರುವವರಿಗೆ ಹೇಳಿಮಾಡಿಸಿದಂಥವು. ಒಬ್ಬರಿಗೆ ಸಾಮಾನ್ಯವಾಗಿ 8ರಿಂದ 15 ಯೂರೋ, ಬಿಸಿನೀರಿನ ಸ್ನಾನ ಸೇರಿ. ಕಚೇರಿ ಬೆಳಗ್ಗೆ ಸಂಜೆ ಒಂದೆರಡು ಗಂಟೆ ಮಾತ್ರ ತೆರೆದಿರುತ್ತದೆ. ಮುಚ್ಚಿದ್ದರೆ ಟೆಂಟ್ ಹಾಕಿಕೊಳ್ಳಿ, ಹಣ ಪಡೆಯುವವರು ಆಮೇಲೆ ಬರುತ್ತಾರೆ. ಕೆಲವೆಡೆ ಕಾರ್ಡ್ ನಡೆಯದು, 50 ಯೂರೋ ಚಿಲ್ಲರೆ ನೋಟುಗಳಲ್ಲಿರಲಿ. ಸೋಪು, ಟಾಯ್ಲೆಟ್ ಪೇಪರ್ ನಿಮ್ಮದೇ. ‘ಅಕ್ಯೋಯ್ ವೆಲೊ’ ಫಲಕವಿರುವ ವಸತಿಗಳು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿದ್ದು, ಸೈಕಲ್ಲಿಗೆ ಭದ್ರ ಜಾಗ ಮತ್ತು ರಿಪೇರಿ ಸಾಮಾನು ಇಟ್ಟಿರಬೇಕೆಂಬ ನಿಯಮವಿದೆ. ವಾರ್ಮ್‌ಶವರ್ಸ್ ಎಂಬ ಜಾಲದಲ್ಲಿ ಸೈಕಲ್ ಪ್ರವಾಸಿಗರನ್ನು ಮನೆಗೆ ಕರೆಯುವವರೂ ಇದ್ದಾರೆ.

ಸಮುದ್ರದ ದಂಡೆ, ಸಂರಕ್ಷಿತ ತಾಣ, ಕುಡಿಯುವ ನೀರಿನ ಮೂಲದಿಂದ 200 ಮೀಟರ್ ಒಳಗೆ, ಮೇಯರ್ ನಿಷೇಧಿಸಿದ ಕಡೆ ಟೆಂಟ್ ಹಾಕುವಂತಿಲ್ಲ. ಉಳಿದೆಡೆ ಜಮೀನಿನವರನ್ನು ಕೇಳಿ. ಮಾತಿಗೆ ಮೊದಲು ‘ಬೊಂಜೂರ್’ ಹೇಳದೆ ಏನನ್ನೂ ಕೇಳಬೇಡಿ, ಅಲ್ಲಿ ಅದು ನಮಸ್ಕಾರಕ್ಕಿಂತ ಕಟ್ಟುನಿಟ್ಟು.

ಒಲೆಗೆ ಗ್ಯಾಸ್ ಸಿಗುತ್ತಾ?

ತಿರುಪಿನಂತೆ ತಿರುಗಿಸಿ ಕೂರಿಸುವ ಡಬ್ಬಿಗಳು ಡೆಕಾಥ್ಲಾನ್‌ನಂಥ ಅಂಗಡಿಗಳಲ್ಲಿ ಸಿಗುತ್ತವೆ. ಹಳ್ಳಿಯ ಸೂಪರ್ ಮಾರ್ಕೆಟ್‌ನಲ್ಲಿರುವುದು ಹೆಚ್ಚಾಗಿ ಕಾಂಪಿಂಗಾಜ್‌ನ ಬೇರೆ ಬಗೆಯ ಡಬ್ಬಿ. ನಿಮ್ಮ ಬರ್ನರ್‌ಗೆ ಅದು ಕೂರುವುದಿಲ್ಲ, ಅಡಾಪ್ಟರ್ ಬೇಕು. ಸ್ಪಿರಿಟ್ ಒಲೆಯಾದರೆ ತಲೆಬಿಸಿಯೇ ಇಲ್ಲ. ‘ಆಲ್ಕೊಲ್ ಆ ಬ್ರ್ಯೂಲೆ’ ಎಂಬ ಸುಡುವ ಸ್ಪಿರಿಟ್ ಸ್ವಚ್ಛತಾ ಸಾಮಾನಿನ ಸಾಲಿನಲ್ಲಿ ಲೀಟರ್ ಬಾಟಲಿಯಲ್ಲಿ ಇಟ್ಟಿರುತ್ತಾರೆ. ಬೇಸಿಗೆಯ ಬರಗಾಲದಲ್ಲಿ ದಕ್ಷಿಣದ ಕಾಡುಗಳ ಹತ್ತಿರ ಬೆಂಕಿಗೇ ನಿಷೇಧವಿರುತ್ತದೆ, ಆ ದಿನಗಳಲ್ಲಿ ತಣ್ಣನೆಯ ಊಟ.

ರೈಲಲ್ಲಿ ಸೈಕಲ್ ಹಾಕಬಹುದಾ?

ಪ್ರಾದೇಶಿಕ ಟಿಇಆರ್ ರೈಲುಗಳಲ್ಲಿ ಸಾಮಾನ್ಯವಾಗಿ ಉಚಿತ. ಬೇಸಿಗೆಯಲ್ಲಿ ಕೆಲವು ಮಾರ್ಗಗಳಲ್ಲಿ ಜಾಗ ಮೊದಲೇ ಕಾದಿರಿಸಬೇಕು. ವೇಗದ ಟಿಜಿವಿಯಲ್ಲಿ ಸೈಕಲ್ ಕೊಕ್ಕೆ ಎಲ್ಲ ಗಾಡಿಗಳಲ್ಲೂ ಇಲ್ಲ. ಇದ್ದರೆ ಶುಲ್ಕ ಕೊಟ್ಟು ಹಾಕಬಹುದು. ಇಲ್ಲದಿದ್ದರೆ ಬಿಡಿಸಿ 130 x 90 ಸೆಂ.ಮೀ. ಚೀಲದೊಳಗೆ ಹಾಕಿ ಲಗೇಜಿನಂತೆ ಒಯ್ಯಬಹುದು. ಒಬ್ಬರೇ ಇರುವಾಗ ಸಾಮಾನು ಮತ್ತು ಸೈಕಲ್ ಒಟ್ಟಿಗೆ ಎತ್ತಲಾಗದು. ಗಾಡಿ ಬರುವ ಮೊದಲೇ ಚೀಲಗಳನ್ನು ಬಿಚ್ಚಿ ಒಂದೇ ಪಟ್ಟಿಗೆ ಸಿಕ್ಕಿಸಿಡಿ.

ದಿನಕ್ಕೆ ಎಷ್ಟು ಖರ್ಚು?

ಟೆಂಟ್, ಸ್ವಂತ ಅಡುಗೆ, ದಿನಕ್ಕೊಂದು ಕಾಫಿ ಎಂದಿಟ್ಟುಕೊಂಡರೆ 30ರಿಂದ 40 ಯೂರೋ. ಮನೆವಸತಿಯ ಕೋಣೆ ಹಿಡಿದರೆ ಒಬ್ಬರೇ ಇದ್ದರೂ ಇಬ್ಬರ ಬಾಡಿಗೆಗೆ ಹತ್ತಿರವಾಗುತ್ತದೆ.

## ಪಳಗಿದವರು ಕೇಳುವವು

ಹಿಂದಿನ ಚಕ್ರದ ಕಡ್ಡಿ ಪದೇ ಪದೇ ಮುರೀತಿದೆ, ಏನು ಕಾರಣ?

ಭಾರವೊಂದೇ ಕಾರಣವಲ್ಲ. ಗೇರ್ ಪದರಗಳಿಗೆ ಜಾಗ ಬಿಡಲು ಹಿಂದಿನ ರಿಮ್ಮನ್ನು ಬಲಕ್ಕೆ ಎಳೆದು ಕಟ್ಟಿರುತ್ತಾರೆ. ಹಾಗಾಗಿ ಎರಡು ಬದಿಯ ಕಡ್ಡಿಗಳ ಬಿಗಿತ ಸಮವಿರುವುದಿಲ್ಲ. ಕಾರ್ಖಾನೆಯಲ್ಲಿ ಕಟ್ಟಿದ ಅಗ್ಗದ ಚಕ್ರದಲ್ಲಿ ಒಂದೇ ಬದಿಯ ಕಡ್ಡಿಗಳಲ್ಲೂ ಏರುಪೇರು. ಸಡಿಲವಾದದ್ದು ಪ್ರತಿ ಸುತ್ತಿಗೂ ಬಾಗಿ ಬಾಗಿ ಹಬ್ಬಿನ ಹತ್ತಿರದ ಮೊಣಕೈಯಲ್ಲಿ ದಣಿದು ಮುರಿಯುತ್ತದೆ. ಹೊರಡುವ ಮೊದಲು ಬಲ್ಲ ಮೆಕ್ಯಾನಿಕ್‌ನಿಂದ 36 ಕಡ್ಡಿಯ ಚಕ್ರ ಕಟ್ಟಿಸಿ, ಬಿಗಿತ ಅಳೆಸಿ, 200 ಕಿ.ಮೀ. ಓಡಿಸಿ ಮತ್ತೆ ಸರಿಮಾಡಿಸಿ. ಒಟ್ಟು ಸಾಮಾನು 15 ಕೆ.ಜಿ. ದಾಟದಿರಲಿ, ಅದರಲ್ಲಿ ಐದಾರು ಕೆ.ಜಿ. ಮುಂದಿನ ಕ್ಯಾರಿಯರ್‌ಗೆ ಹೋಗಲಿ.

ಬಲಬದಿಯ ಅಳತೆಯ ಮೂರು, ಎಡಬದಿಯದು ಒಂದು ಕಡ್ಡಿಯನ್ನು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ಬಲಬದಿಯದನ್ನು ಹಾಕಲು ಕ್ಯಾಸೆಟ್ (ಹಿಂದಿನ ಗೇರ್ ಪದರಗಳ ಗೊಂಚಲು) ಬಿಚ್ಚಬೇಕು, ಅದರ ಲಾಕ್‌ರಿಂಗ್ ಉಪಕರಣ ಬೇಕು. ಇಲ್ಲವಾದರೆ ಕ್ಯಾಸೆಟ್ ಬಿಚ್ಚದೆಯೇ ಹಾಕಬಹುದಾದ ನೂಲಿನ ಕಡ್ಡಿ ಒಂದಿದ್ದರೆ ಮುಂದಿನ ಊರು ಮುಟ್ಟಬಹುದು.

ಬೆಟ್ಟದ ದಾರಿಗೆ ಗೇರ್ ಎಷ್ಟು ಬೇಕು?

ಲೆಕ್ಕ ಹಾಕಿ ನೋಡಿ. 35 ಮಿ.ಮೀ. ಟೈರಿನ, 700ಸಿ ಅಳತೆಯ ಚಕ್ರದ ಸುತ್ತಳತೆ ಸುಮಾರು 2.17 ಮೀಟರ್. ಮುಂದೆ 26, ಹಿಂದೆ 34 ಹಲ್ಲು ಇದ್ದರೆ ಒಂದು ತುಳಿತಕ್ಕೆ 1.66 ಮೀಟರ್, ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6 ಕಿ.ಮೀ. ಸಾಮಾನು ಹೊತ್ತು ಶೇ. 8ರ ಏರಿನಲ್ಲಿ ಸಾಮಾನ್ಯರ ವೇಗ ಇದೇ. ಮುಂದೆ 34, ಹಿಂದೆ 28 ಇರುವ ರೇಸ್ ಸೈಕಲ್ಲಿನಲ್ಲಿ ಅದೇ ವೇಗಕ್ಕೆ ನಿಮಿಷಕ್ಕೆ 38 ಸುತ್ತು ಮಾತ್ರ ಬರುತ್ತದೆ. ಗಂಟೆಗಟ್ಟಲೆ ಹಾಗೆ ತುಳಿದರೆ ಮಂಡಿ ಹೋಗುತ್ತದೆ.

1,909 ಮೀಟರ್ ಎತ್ತರದ ಮೋನ್ ವಾಂತೂ ಬೆಟ್ಟ ಬೆಡ್ವಾನ್ ಊರಿನ ಕಡೆಯಿಂದ 21 ಕಿ.ಮೀ. ಏರು, ಸರಾಸರಿ ಶೇ. 7.5. ಟೆಂಟ್ ಮತ್ತು ಚೀಲಗಳನ್ನು ಕೆಳಗೇ ಬಿಟ್ಟು ಬೆಳಗ್ಗೆ ಬೇಗ ಹತ್ತಿ. ಕೊನೆಯ 6 ಕಿ.ಮೀ. ಬೋಳು ಕಲ್ಲು, ನೆರಳೇ ಇಲ್ಲ. 1967ರ ಜುಲೈ 13ರಂದು ಟೂರ್ ದ ಫ್ರಾನ್ಸ್ ಸ್ಪರ್ಧಿ ಟಾಮ್ ಸಿಂಪ್ಸನ್ ಕಡುಬಿಸಿಲಿನಲ್ಲಿ ಕುಸಿದು ತೀರಿಕೊಂಡದ್ದು ಈ ಭಾಗದಲ್ಲೇ, ಸ್ಮಾರಕ ರಸ್ತೆಯ ಬದಿಯಲ್ಲಿದೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡಿ, ರಿಮ್ ಕಾದು ಟ್ಯೂಬ್ ಒಡೆಯುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ.

ಬೆಟ್ಟದಲ್ಲಿ ಕುರಿ ಕಾಯೋ ದೊಡ್ಡ ಬಿಳಿ ನಾಯಿ ಅಡ್ಡ ಬಂದರೆ?

ಆಲ್ಪ್ಸ್, ಪಿರೆನೀಸ್‌ನಲ್ಲಿ ತೋಳಗಳಿಂದ ಮಂದೆ ಕಾಯುವ ಈ ಪಾತು ನಾಯಿಗಳು ವೇಗವಾಗಿ ಬರುವುದನ್ನೆಲ್ಲ ದಾಳಿಯೆಂದೇ ತಿಳಿಯುತ್ತವೆ. ಓಡಿಸಿಕೊಂಡು ಪಾರಾಗಲು ನೋಡಬೇಡಿ. ಇಳಿದು ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು, ಕಣ್ಣಲ್ಲಿ ಕಣ್ಣಿಡದೆ, ಶಾಂತವಾಗಿ ಮಾತಾಡುತ್ತಾ ಮಂದೆಯನ್ನು ದೂರದಿಂದ ಬಳಸಿ ನಡೆಯಿರಿ. ಕಲ್ಲು ಎತ್ತಬೇಡಿ.

ಒಬ್ಬಳೇ ಹೋಗ್ತಿದ್ದೀನಿ. ಏನಾದರೂ ಆದರೆ?

112 ಎಲ್ಲ ತುರ್ತಿಗೂ ನಡೆಯುತ್ತದೆ, ಆಂಬುಲೆನ್ಸ್‌ಗೆ 15. ಮಾತಾಡಲಾಗದ ಪರಿಸ್ಥಿತಿಯಲ್ಲಿ 114ಕ್ಕೆ ಎಸ್ಸೆಮ್ಮೆಸ್ ಕಳಿಸಬಹುದು. ದಿನಾ ಸಂಜೆ ಇಷ್ಟು ಗಂಟೆಗೆ ಮನೆಗೆ ಸಂದೇಶ ಎಂದು ನಿಗದಿ ಮಾಡಿ. ಬಾರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಫೋನ್ ಮಾಡಬೇಕೆಂಬುದನ್ನೂ ಮನೆಯವರಿಗೆ ಬರೆದುಕೊಡಿ. ತಂಗುದಾಣದಲ್ಲಿ ಕುಟುಂಬಗಳ ಹತ್ತಿರ, ಬೆಳಕಿರುವ ಕಡೆ ಟೆಂಟ್ ಹಾಕಿ. ಸಣ್ಣ ಗಾಯ, ಹೊಟ್ಟೆಕೆಟ್ಟಾಗ ಹಸಿರು ಶಿಲುಬೆಯ ಫಾರ್ಮಸಿಗೆ ಹೋಗಿ, ಅಲ್ಲಿನವರು ನೋಡಿ ಸಲಹೆ ಕೊಡುತ್ತಾರೆ. ಹುಲ್ಲಿನಲ್ಲಿ ಕೂತೆದ್ದ ದಿನ ರಾತ್ರಿ ಮಂಡಿಯ ಹಿಂದೆ, ಕಂಕುಳಲ್ಲಿ ರಕ್ತ ಹೀರುವ ಉಣ್ಣಿ ಇದೆಯೇ ಹುಡುಕಿ. ಲೈಮ್ ಕಾಯಿಲೆ ಹರಡುವುದು ಅದರಿಂದ.

ಬ್ರೆವೆಗಳನ್ನ (ಗಡುವಿನೊಳಗೆ ಮುಗಿಸೋ ದೂರದ ಸವಾರಿಗಳನ್ನ) ಮುಗಿಸಿದ್ದೀನಿ. ಒಬ್ಬನೇ ಫ್ರಾನ್ಸ್ ಅಡ್ಡಹಾಯೋ ಸವಾಲು ಇದೆಯಾ?

1930ರಲ್ಲಿ ಶುರುವಾದ ‘ದಿಯಾಗೊನಾಲ್’ ಇದೆ. ಡಂಕರ್ಕ್, ಸ್ಟ್ರಾಸ್‌ಬೋರ್ಗ್, ಮಾಂತೋನ್, ಪೆರ್ಪಿನ್ಯಾನ್, ಆಂಡೇ, ಬ್ರೆಸ್ಟ್ ಎಂಬ ಆರು ಮೂಲೆಯೂರುಗಳ ನಡುವೆ ಒಂಬತ್ತು ಕರ್ಣರೇಖೆಗಳು, ಸುಮಾರು 900ರಿಂದ 1,400 ಕಿ.ಮೀ. ದಾರಿ ನಿಮ್ಮ ಆಯ್ಕೆ, ಗಡುವು ಅವರದು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಎಂಬ ದೂರದ ಸವಾರಿಯಲ್ಲಿ ಸಿಗುವ ಊಟದ ಟೇಬಲ್ಲು, ಜೊತೆ ಸವಾರರು ಇಲ್ಲಿ ಇಲ್ಲ. ರಾತ್ರಿ ನೀರಿಗೆ ಸ್ಮಶಾನದ ನಲ್ಲಿಗಳ ಪಟ್ಟಿಯನ್ನು ಜಿಪಿಎಸ್‌ನಲ್ಲಿ ಮೊದಲೇ ಗುರುತು ಹಾಕಿಕೊಂಡಿರಬೇಕು.

ವಾಪಸು ಬರುವಾಗ ಡಬ್ಬ ಎಲ್ಲಿ ಸಿಗುತ್ತೆ?

ಕೊನೆಯ ಊರಿನ ಸೈಕಲ್ ಅಂಗಡಿಗೆ ಒಂದು ವಾರ ಮೊದಲೇ ಹೇಳಿಡಿ, ರಟ್ಟಿನ ಡಬ್ಬ ಸಾಮಾನ್ಯವಾಗಿ ಸುಮ್ಮನೆ ಕೊಡುತ್ತಾರೆ. ವಿಮಾನ ಮಂಗಳವಾರವಿದ್ದರೆ ಶನಿವಾರವೇ ತೆಗೆದುಕೊಳ್ಳಿ, ಭಾನುವಾರ ಸೋಮವಾರ ಅಂಗಡಿ ತೆರೆಯದಿರಬಹುದು. ಚೈನು, ಟೈರು ತೊಳೆದು ಒಣಗಿಸಿ ಪ್ಯಾಕ್ ಮಾಡಿ, ಕಸ್ಟಮ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿಡಿ.